ದನಿಯ ದುಡಿಮೆ

ಕೋಲಾರ ಜಿಲ್ಲೆಯ ದುಡಿಮೆಯ ಚರಿತ್ರೆ ಬರೆಯುವವರು ಚಿನ್ನದ ಗಣಿಯಿಂದ ಶುರುಮಾಡುತ್ತಾರೆ. ಅದು ಸರಿಯೇ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚುವವರೆಗೆ, ನೂರು ವರ್ಷಕ್ಕೂ ಮೇಲ್ಪಟ್ಟು, ನೆಲದಾಳಕ್ಕೆ ಇಳಿದವರ ಎದೆಗೂಡಿನಲ್ಲಿ ಕಲ್ಲಿನ ದೂಳು ಕೂತಿತು. ಆ ಕಾಯಿಲೆಗೆ ಸಿಲಿಕೋಸಿಸ್ ಎಂಬ ಹೆಸರಿದೆ. ಕೆಲಸದಿಂದ ಬರುವ ರೋಗಗಳ ಸರ್ಕಾರಿ ಪಟ್ಟಿಯಲ್ಲಿ ಜಾಗವೂ ಇದೆ. ಅದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯಲ್ಲಿ, ವರ್ಷಗಟ್ಟಲೆ ಪಾಠ ಹೇಳಿದ ನನಗೆ ಇನ್ನೊಂದು ಕಾಯಿಲೆ ಗೊತ್ತು. ಅದು ಟೀಚರಮ್ಮನ ಗಂಟಲಿನದು. ಆ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಿಂದಿನ ಕೂಲಿಮಠದ ಅಯ್ಯನವರಿಗೆ ಈ ಕಷ್ಟ ಇಷ್ಟಿರಲಿಲ್ಲ ಎನ್ನಿಸುತ್ತದೆ. ದೊಡ್ಡ ಹುಡುಗನೊಬ್ಬ ಮಗ್ಗಿ ಹೇಳಿಕೊಡುತ್ತಿದ್ದ, ಉಳಿದವರು ಕೂಗುತ್ತಿದ್ದರು. ಅಕ್ಷರ ಮರಳಿನ ಮೇಲೆ ತಿದ್ದುತ್ತಿದ್ದರು. 1790ರ ದಶಕದಲ್ಲಿ ಮದರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ ಈ ಮರಳಿನ ಬರವಣಿಗೆಯನ್ನು ನೋಡಿ, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿಯನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಅಯ್ಯನವರ ಕೈಯಲ್ಲಿ ಬೆತ್ತವೂ ಇತ್ತು. ತರಗತಿ ಸದ್ದಡಗಲು ಅವರು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ.

ಹೆಂಗಸರು ಈ ಕೆಲಸಕ್ಕೆ ಬಂದದ್ದು ಆಮೇಲೆ. ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಆದರೆ ನಮ್ಮಂಥ ಹಳ್ಳಿಗಳಿಗೆ ಟೀಚರಮ್ಮ ಬಂದು ನಿಲ್ಲಲು ಇನ್ನೂ ನೂರು ವರ್ಷ ಬೇಕಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಮರುವರ್ಷ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಬಂತು: ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಆದಷ್ಟೂ ಅವರಲ್ಲೊಬ್ಬರು ಹೆಂಗಸು. ನಾಲ್ಕು ತರಗತಿಗೆ ಎರಡು ಕೋಣೆ ಎಂದರೆ ಏನರ್ಥ, ಲೆಕ್ಕ ಹಾಕಿ. ಒಂದೇ ಗೋಡೆಯ ಈ ಮೂಲೆಯಲ್ಲಿ ಕಾಗುಣಿತ, ಆ ಮೂಲೆಯಲ್ಲಿ ಕಳೆಯುವ ಲೆಕ್ಕ. ಇಬ್ಬರ ದನಿಯೂ ಒಂದರ ಮೇಲೊಂದು ಏರಬೇಕು.

ರಾಯಲ್ಪಾಡಿನ ಕಡೆ ಇದಕ್ಕೆ ಇನ್ನೊಂದು ಸುತ್ತು. ಮಕ್ಕಳ ಮನೆಮಾತು ತೆಲುಗು, ಪುಸ್ತಕ ಕನ್ನಡ. ಎದುರಿಗೆ ಮಾವಿನ ತೋಪೇ ಇದ್ದರೂ ಅವರಿಗೆ ಅದು ಮಾಮಿಡಿ. ‘ಮಾವು’ ಎಂದು ಹೇಳಿ, ತೆಲುಗಿನಲ್ಲಿ ಹೇಳಿ, ಮತ್ತೆ ಕನ್ನಡಕ್ಕೆ ಬರಬೇಕು. ಒಂದು ಪಾಠಕ್ಕೆ ಎರಡು ಪಾಠದ ಮಾತು. ಡಿಸೆಂಬರಿನ ಹೊತ್ತಿಗೆ ನನ್ನ ದನಿ ಒಡೆದು, ಹಾಡಿನ ಮೇಲಿನ ಸ್ವರ ಸಿಗದಂತಾಗುತ್ತಿತ್ತು. “ಟೀಚರ್, ಗೊಂತು ಪೋಯಿಂದಾ?” ಎಂದು ಮಕ್ಕಳೇ ಕೇಳುತ್ತಿದ್ದವು. ರಜೆ ಕೇಳಲು ಹೋದರೆ ಮುಖ್ಯೋಪಾಧ್ಯಾಯರೊಬ್ಬರು, “ಜ್ವರ ಇದೆಯೇನಮ್ಮಾ?” ಎಂದಿದ್ದರು. ಇರಲಿಲ್ಲ. ಜ್ವರವಿಲ್ಲದ ಕಾಯಿಲೆಗೆ ರಜೆ ಎಲ್ಲಿಯದು?

ಈ ದನಿ ಹುಟ್ಟುವ ಜಾಗವನ್ನು ಜೀವಂತ ಮನುಷ್ಯರಲ್ಲಿ ಕಂಡು ವಿವರಿಸಿದವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. 1854ರಲ್ಲಿ ಮಾನ್ವೆಲ್ ಗಾರ್ಸಿಯಾ ಎಂಬಾತ ಬಿಸಿಲಿಗೆ ಕನ್ನಡಿ ಹಿಡಿದು, ಇನ್ನೊಂದು ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ತನ್ನದೇ ಧ್ವನಿತಂತುಗಳನ್ನು ನೋಡಿಕೊಂಡ. ಅವು ಎರಡು ಸಣ್ಣ ಮಡಿಕೆಗಳು. ಮಾತಾಡುವಾಗ ಒಂದಕ್ಕೊಂದು ತಾಗುತ್ತವೆ: ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 125 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ಗಂಟೆ ಬಿಡದೆ ದನಿ ಹೊರಟರೆ ನಮ್ಮ ತಂತುಗಳು ಏಳು ಲಕ್ಷಕ್ಕೂ ಹೆಚ್ಚು ಸಲ ತಾಗಿರುತ್ತವೆ. ಕೂಗಿದರೆ ತಾಗುವ ಪೆಟ್ಟೂ ಜೋರು. ನೇಗಿಲು ಹಿಡಿದ ಅಂಗೈಯಲ್ಲಿ ಆಣಿ ಕಟ್ಟಿದ ಹಾಗೆ ಅಲ್ಲಿಯೂ ಗಂಟು ಕಟ್ಟುತ್ತದೆ. ಜೇಷ್ಠಮಧು, ಮೆಣಸಿನ ಕಷಾಯ ಗಂಟಲಿಗೆ ಹಿತ. ಆದರೆ ಅವು ಇಳಿಯುವುದು ಅನ್ನನಾಳದಲ್ಲಿ, ತಂತುಗಳಿರುವುದು ಉಸಿರಿನ ದಾರಿಯಲ್ಲಿ. ಪಿಸುಗುಟ್ಟಿದರೂ ವಿಶ್ರಾಂತಿಯಲ್ಲ, ಅದೂ ಬಿಗಿತವೇ.

ಇದು ನಮ್ಮೊಬ್ಬರ ಗೋಳಲ್ಲ. ಅಮೆರಿಕದ ಎರಡು ರಾಜ್ಯಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಕಂಡ ಶಿಕ್ಷಕರು ನೂರಕ್ಕೆ 57ಕ್ಕೂ ಹೆಚ್ಚು. ಬೇರೆ ಕೆಲಸದವರು 29ರಷ್ಟು. ಹೆಂಗಸರಿಗೆ ಹೆಚ್ಚು. ಪೋಲೆಂಡಿನಲ್ಲಿ ಇದನ್ನು ಉದ್ಯೋಗದ ರೋಗವೆಂದೇ ಒಪ್ಪಿದ್ದಾರೆ.

ನಮ್ಮ ರಾಜ್ಯದಲ್ಲಿ ಉಪಾಯಗಳಿಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಹುಟ್ಟಿತು. ದನಿಯನ್ನು ಅಳೆದು, ಉಸಿರು ಹೇಗೆ ಬಿಡಬೇಕು, ಕೂಗದೆ ಹೇಗೆ ಮಾತಾಡಬೇಕು ಎಂದು ಅಲ್ಲಿ ಕಲಿಸುತ್ತಾರೆ. ಎಷ್ಟೋ ಗಂಟುಗಳು ಇಂಥ ಅಭ್ಯಾಸದಿಂದಲೇ ಕರಗುತ್ತವೆ, ಕತ್ತರಿ ಬೇಕಾಗುವುದಿಲ್ಲ. ಆದರೆ ರಾಯಲ್ಪಾಡಿನವಳಿಗೆ ಬೆಂಗಳೂರು ದಾಟಿ ಹೋಗಬೇಕಾದ ಊರು ಅದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಚಿಕ್ಕ ತರಗತಿಗಳಿಗೆಲ್ಲ ಬಂತು. ಮಕ್ಕಳು ಗುಂಪಾಗಿ ಕಾರ್ಡು ಹಿಡಿದು ಕೂತರೆ ಟೀಚರು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರೆ ಸಾಕು. ದನಿಗಾಗಿ ಮಾಡಿದ್ದಲ್ಲ, ಆದರೂ ದನಿಗೆ ಉಪಕಾರವಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಬೆತ್ತವನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಬೆತ್ತ ಮಾಡುತ್ತಿದ್ದ ಕೆಲಸವೂ ಈಗ ಗಂಟಲಿನ ಮೇಲೇ ಬಿದ್ದಿದೆ.

ಶಾಲೆಯ ಕೆಲಸ ಮುಗಿಸಿ ಮನೆಗೆ ಬಂದ ಹೆಂಗಸಿಗೆ ಅಲ್ಲಿಯೂ ಮಾತೇ ಕೆಲಸ. ಸುಮ್ಮನೆ ಕೂತರೆ ಅತ್ತೆಗೆ ಕೋಪ ಬಂದಂತೆ ಕಾಣುತ್ತದೆ, ಗಂಡನಿಗೆ ಬಿಂಕವೆನಿಸುತ್ತದೆ. ನಿಮ್ಮ ಮನೆಯಲ್ಲಿ ಟೀಚರೊಬ್ಬಳಿದ್ದರೆ ಸಂಜೆ ಒಂದು ಗಂಟೆ ಅವಳನ್ನು ಮಾತಾಡಿಸದೆ ಬಿಡಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲಿನ ಡಾಕ್ಟರರ ಹತ್ತಿರ ಕಳಿಸಿ. ಇಷ್ಟು ಮನೆಯವರಿಂದ ಆಗುವ ಮಾತು. ಸರ್ಕಾರದಿಂದ ಆಗಬೇಕಾದ್ದು ಬೇರೆ ಇದೆ: ಶಾಲೆಗೆ ಸೀಮೆಸುಣ್ಣ, ಹಾಜರಿ ಪುಸ್ತಕ ಕೊಡುವಾಗ ಕತ್ತಿಗೆ ಹಾಕಿಕೊಳ್ಳುವ ಒಂದು ಸಣ್ಣ ಮೈಕನ್ನೂ ಕೊಡುವುದು, ತರಬೇತಿಯಲ್ಲಿ ದನಿಯ ಪಾಠ ಸೇರಿಸುವುದು, ರಜೆಯ ಅರ್ಜಿಯಲ್ಲಿ “ದನಿ ಹೋಗಿದೆ” ಎಂದು ಬರೆದರೆ ಅದನ್ನು ನಂಬುವುದು.