ಮನೆಮಂದಿಯ ದನಿ

ನಮ್ಮ ನಾಡಿನಲ್ಲಿ ಬಾನುಲಿಯನ್ನು ಮೊದಲು ನುಡಿಸಿದವರು ಒಬ್ಬ ಮನಶ್ಶಾಸ್ತ್ರದ ಮೇಷ್ಟರು ಎಂಬುದನ್ನು ಹಳಬರು ಬಲ್ಲರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರಯಂತ್ರವನ್ನು ಹೂಡಿದರು. ಆ ನಿಲಯವೇ ‘ಆಕಾಶವಾಣಿ’. ಮನಸ್ಸನ್ನು ಓದುವ ವಿದ್ವಾಂಸರಿಗೆ ದನಿಯ ಮೇಲೆ ಅಷ್ಟು ಅಕ್ಕರೆ ಇದ್ದುದು ಸೊಗಸಾದ ಸಂಗತಿ. ಅದಾದ ಕೆಲವು ದಶಕಗಳ ಮೇಲೆ, ದೂರದ ಲಂಡನ್ನಿನಲ್ಲಿ, ಮನೋವೈದ್ಯರು ಜನರ ಮಾತನ್ನು ಟೇಪಿನ ಮೇಲೆ ಹಿಡಿದು, ಅದರ ದನಿಯನ್ನು ಕೇಳಿಯೇ ಒಂದು ದೊಡ್ಡ ಪಾಠವನ್ನು ಕಲಿತರು. ಆ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಮುಖ ಕಾಣದಿದ್ದರೂ ದನಿಯಿಂದಲೇ ಆಳನ್ನು ಅಳೆಯುವ ಅಭ್ಯಾಸ ನಿಮಗೆ ಉಂಟಷ್ಟೆ.

ಈ ಕಥೆಯನ್ನು ಎತ್ತಿಕೊಳ್ಳಲು ನನಗೆ ನನ್ನದೇ ಆದ ಕಾರಣವೂ ಇದೆ. ನನ್ನ ಸೋದರಮಾವ ನಮ್ಮ ಮನೆಯಲ್ಲಿಯೇ ಇದ್ದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಯಾರೂ ಆಡದ ಮಾತು ಕಿವಿಗೆ ಕೇಳಿಸಲಾರಂಭಿಸಿತು. ಬೀದಿಯವರೆಲ್ಲ ತಮ್ಮ ವಿಚಾರವನ್ನೇ ಪಿಸುಗುಡುತ್ತಾರೆಂಬ ಸಂಶಯ ಹತ್ತಿತು. ಔಷಧಿಯಿಂದ ಅದು ಬಹುಮಟ್ಟಿಗೆ ಇಳಿಯಿತು. ಆದರೆ ಹುರುಪು ಮರಳಲಿಲ್ಲ. ಹಾಸಿಗೆಯಿಂದ ಏಳರು, ಸ್ನಾನ ಮಾಡರು, ತಟ್ಟೆಯ ಮುಂದೆ ಕುಳಿತರೆ ಕುಳಿತೇ ಇರುವರು. “ಏಳೋ, ನೀರು ತೋಡಿದೀನಿ, ಆರಿಹೋಗ್ತದೆ” ಎಂದು ನನ್ನ ತಾಯಿ ಬೆಳಗಿನಿಂದ ಹತ್ತು ಸಲ ಕರೆಯುತ್ತಿದ್ದಳು. ಮೊದಲನೆಯ ಕರೆಯ ದನಿಯೇ ಬೇರೆ, ಹತ್ತನೆಯದರ ದನಿಯೇ ಬೇರೆ. ಮತ್ತೆ ಯಾರ ಮೇಲೂ ಅವಳು ಹಾಗೆ ಗದರಿದ್ದನ್ನು ನಾನು ಕೇಳಿಲ್ಲ.

ಈ ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು ಬಳಕೆಗೆ ತಂದವನು ಸ್ವಿಟ್ಜರ್ಲೆಂಡಿನ ವೈದ್ಯ ಬ್ಲಾಯ್ಲರ್, 1908ರಲ್ಲಿ. ಕನ್ನಡದಲ್ಲಿ ಛಿದ್ರಮನಸ್ಕತೆ ಎಂದವರುಂಟು. ಹೆಸರನ್ನು ನೋಡಿ, ಒಬ್ಬನೊಳಗೆ ಇಬ್ಬರು ಇರುವರೆಂದು ಭಾವಿಸಬೇಡಿ. ಸಿನಿಮಾದವರು ಹಬ್ಬಿಸಿದ ತಪ್ಪು ಅದು. ಆಲೋಚನೆ, ಭಾವನೆ, ಇಚ್ಛೆ ಇವುಗಳ ನಡುವಣ ಹೊಂದಿಕೆ ತಪ್ಪಿದೆ ಎಂಬಷ್ಟೇ ಆತನ ಅಭಿಪ್ರಾಯ.

ಕಾಯಿಲೆಗೆ ಹೆಸರು ಬಂದ ಮೇಲೆ ಕಾರಣವನ್ನು ಹುಡುಕುವ ಕೆಲಸ ಬಂದಿತು. ಆ ಹುಡುಕಾಟದಲ್ಲಿ ಶಾಸ್ತ್ರವು ಒಂದು ದೊಡ್ಡ ಅನ್ಯಾಯವನ್ನೂ ಮಾಡಿತು. 1948ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ವೈದ್ಯೆ, ಮಕ್ಕಳಲ್ಲಿ ಈ ರೋಗವನ್ನು ಹುಟ್ಟಿಸುವ ಬಗೆಯ ತಾಯಿ ಎಂಬ ಅರ್ಥದ ಒಂದು ಮಾತನ್ನು ಬರೆದರು. ಆಕೆ ರೋಗಿಗಳ ವಿಷಯದಲ್ಲಿ ಬಹಳ ಕರುಣೆಯುಳ್ಳವರೆಂದು ಹೆಸರಾದವರು. ಆದರೂ ಆ ಒಂದು ಮಾತು ಸಾವಿರಾರು ತಾಯಂದಿರ ತಲೆಯ ಮೇಲೆ ಕಲ್ಲಾಗಿ ಕುಳಿತಿತು. ಅದಕ್ಕೆ ಆಧಾರವಿಲ್ಲವೆಂದು ಮುಂದೆ ತಿಳಿಯಿತು. ತಿಳಿಯುವ ಹೊತ್ತಿಗೆ ಎಷ್ಟು ತಾಯಂದಿರು ತಮ್ಮನ್ನು ತಾವೇ ಶಪಿಸಿಕೊಂಡಿದ್ದರೋ!

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಇಂಥ ರೋಗಿಗಳಿಗೆ ಕೊಟ್ಟು ನೋಡಿದರು. ವರ್ಷಗಟ್ಟಲೆ ಆಸ್ಪತ್ರೆಯ ಗೋಡೆಯೊಳಗಿದ್ದವರು ಮನೆಗೆ ಹೋಗುವಂತಾದರು. ಹೋದವರ ಗತಿ ಏನಾಯಿತು? ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞನೂ ಆತನ ಸಂಗಡಿಗರೂ ಆಸ್ಪತ್ರೆಯಿಂದ ಬಿಡುಗಡೆಯಾದ 229 ಮಂದಿ ಗಂಡಸರ ಬೆನ್ನುಹತ್ತಿ ನೋಡಿದರು. 1958ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು. ಬಾಡಿಗೆಯ ಕೋಣೆಗೋ ಅಣ್ಣತಮ್ಮಂದಿರ ಮನೆಗೋ ಹೋದವರಿಗಿಂತ, ತಾಯಿತಂದೆಯರ ಅಥವಾ ಹೆಂಡತಿಯ ಬಳಿಗೆ ಹೋದವರಲ್ಲಿಯೇ ಹೆಚ್ಚು ಮಂದಿ ಆಸ್ಪತ್ರೆಗೆ ಹಿಂತಿರುಗಿದ್ದರು!

ಹಳೆಯ ಆಪಾದನೆಯೇ ಮತ್ತೆ ತಲೆಯೆತ್ತಿತೆಂದು ನಿಮಗೆ ತೋರಬಹುದು. ಆದರೆ ಬ್ರೌನ್ ಅಲ್ಲಿಗೆ ನಿಲ್ಲಲಿಲ್ಲ. ರೋಗಿಯ ಮನೆಯವರನ್ನು ಕೂಡಿಸಿ, ಗಂಟೆಗಟ್ಟಲೆ ಮಾತನಾಡಿಸಿ, ಅದನ್ನು ಟೇಪಿನ ಮೇಲೆ ಹಿಡಿದರು. ಅವರು ಏನು ಹೇಳಿದರೆಂಬುದರ ಜೊತೆಗೆ, ಯಾವ ದನಿಯಲ್ಲಿ ಹೇಳಿದರೆಂಬುದನ್ನೂ ಪಳಗಿದ ಕಿವಿಗಳು ಕೇಳಿ ಎಣಿಸಿದವು. “ಊಟ ಮಾಡಿದೆಯಾ?” ಎಂಬ ನಮ್ಮ ಮಾತನ್ನೇ ತೆಗೆದುಕೊಳ್ಳಿ. ಒಂದು ದನಿಯಲ್ಲಿ ಅದು ಮಮತೆ, ಇನ್ನೊಂದು ದನಿಯಲ್ಲಿ ಅದೇ ಆಪಾದನೆ. ಕಾಗದದ ಮೇಲೆ ಬರೆದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಟೇಪು ಬರುವ ಮುಂಚೆ ಈ ಬಗೆಯ ಅಳತೆ ಸಾಧ್ಯವೇ ಇರಲಿಲ್ಲ.

1972ರಲ್ಲಿ 101 ರೋಗಿಗಳ ವಿಚಾರವಾಗಿ ಅವರು ಪ್ರಕಟಿಸಿದ ಲೆಕ್ಕ ಇದು: ಮನೆಯವರ ಮಾತಿನಲ್ಲಿ ಟೀಕೆ, ಹಗೆತನ ಅಥವಾ ಮಿತಿಮೀರಿದ ಹಚ್ಚಿಕೊಳ್ಳುವಿಕೆ ಕಂಡ ಕಡೆ, ಒಂಬತ್ತು ತಿಂಗಳೊಳಗೆ ಶೇಕಡಾ 58 ಮಂದಿಗೆ ಕಾಯಿಲೆ ಮರುಕಳಿಸಿತು, ದನಿ ಶಾಂತವಾಗಿದ್ದ ಮನೆಗಳಲ್ಲಿ ಶೇಕಡಾ 16 ಮಂದಿಗೆ ಮಾತ್ರ. 1976ರಲ್ಲಿ ಕ್ರಿಸ್ಟೀನ್ ವಾನ್, ಜೂಲಿಯನ್ ಲೆಫ್ ಎಂಬವರು ಮತ್ತೊಮ್ಮೆ ಅಳೆದಾಗಲೂ ಹೆಚ್ಚು ಕಡಮೆ ಅದೇ ಉತ್ತರ ಬಂದಿತು. ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುವವರಿಗೂ, ಮನೆಯವರ ಎದುರಿಗೆ ವಾರಕ್ಕೆ 35 ಗಂಟೆಗಿಂತ ಕಡಮೆ ಇರುವವರಿಗೂ ಅಪಾಯ ತಗ್ಗುತ್ತಿತ್ತು.

ಇದರಲ್ಲಿ ನನ್ನ ಮನಸ್ಸಿಗೆ ತಾಗಿದ ಅಂಶ ಇನ್ನೊಂದು. ಮನೆಯವರ ಟೀಕೆ ಹೆಚ್ಚಾಗಿ ಭ್ರಮೆಗಳ ಮೇಲಲ್ಲ. ಅದು ಕಾಯಿಲೆಯೆಂದು ಯಾರಿಗಾದರೂ ತಿಳಿಯುತ್ತದೆ. ಏಳದಿರುವುದು, ಮೀಯದಿರುವುದು, ಮಾತಿಗೆ ಉತ್ತರ ಕೊಡದಿರುವುದು, ಇವುಗಳ ಮೇಲೆಯೇ ಸಿಟ್ಟು. ಇವೂ ಕಾಯಿಲೆಯ ಅಂಗಗಳೇ. ನೋಡುವವರ ಕಣ್ಣಿಗೆ ಮಾತ್ರ ಸೋಮಾರಿತನ. ನನ್ನ ತಾಯಿಗೆ ಇದನ್ನು ಯಾರೂ ಹೇಳಲಿಲ್ಲ. ನಾವು ಮಾವನನ್ನು ಕರೆದೊಯ್ಯುತ್ತಿದ್ದ ಆಸ್ಪತ್ರೆಯಲ್ಲಿ ಮಾತ್ರೆಯ ಚೀಟಿ ಬರೆದುಕೊಟ್ಟು, “ಮುಂದಿನವರು ಬನ್ನಿ” ಎನ್ನುತ್ತಿದ್ದರು. ನೀವು ರಾತ್ರಿ ನಿದ್ದೆ ಮಾಡುತ್ತೀರಾ ತಾಯಿ ಎಂದು ಅವಳನ್ನು ಕೇಳಿದವರಿಲ್ಲ.

ಮನೆಯವರನ್ನು ಕೇಳಬೇಕೆಂಬ ಅರಿವು ನಮ್ಮ ದೇಶದಲ್ಲಿ ಇರಲಿಲ್ಲವೆಂದು ಇದರಿಂದ ತಿಳಿಯಬೇಡಿ. ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು 1950ರ ದಶಕದಲ್ಲಿಯೇ ಅಂಗಳದಲ್ಲಿ ಡೇರೆಗಳನ್ನು ಹೊಡೆಸಿ, ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಎಲ್ಲರನ್ನೂ ಕೂಡಿಸಿ ಕಾಯಿಲೆಯ ವಿಚಾರ ಮಾತನಾಡುತ್ತಿದ್ದರು. ವೆಲ್ಲೂರಿನಲ್ಲಿ 1957ರಲ್ಲಿ ತೆರೆದ ಕೇಂದ್ರದಲ್ಲಿಯೂ ಇದೇ ಪದ್ಧತಿ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತಷ್ಟೆ. ಇಡೀ ಕುಟುಂಬವನ್ನೇ ಉಳಿಸಿಕೊಂಡು ಚಿಕಿತ್ಸೆ ಮಾಡುವ ವ್ಯವಸ್ಥೆ ಅಲ್ಲಿಯೂ ಬೆಳೆಯಿತು. ಪಶ್ಚಿಮದವರು ರೋಗಿಯನ್ನು ಮನೆಯಿಂದ ಬೇರ್ಪಡಿಸಿ, ಆಮೇಲೆ ಮನೆಯನ್ನು ಕಂಡುಹಿಡಿದರು. ನಮ್ಮಲ್ಲಿ ಮಂಚಗಳೇ ಸಾಲದಿದ್ದುದರಿಂದ ಮನೆಯವರು ಮೊದಲಿನಿಂದಲೂ ಜೊತೆಗಿದ್ದರು. ಕೊರತೆಯಿಂದಲೂ ಒಮ್ಮೊಮ್ಮೆ ಬುದ್ಧಿ ಬರುತ್ತದೆ.

ಲಂಡನ್ನಿನ ಅಳತೆಗೋಲನ್ನು ಚಂಡೀಗಢದಲ್ಲಿಯೂ ಹಿಡಿದು ನೋಡಿದರು. ಡಾ. ನರೇಂದ್ರನಾಥ ವಿಗ್ ಮತ್ತು ಸಂಗಡಿಗರ ಈ ಕೆಲಸ 1987ರಲ್ಲಿ ಪ್ರಕಟವಾಯಿತು. ಟೀಕೆಯ ದನಿ ಹಿಂದಿಯಲ್ಲಿಯೂ ಗುರುತು ಸಿಗುತ್ತದೆಂದು ಗೊತ್ತಾಯಿತು. ಆದರೆ ಅಂಥ ಬಿರುಸಿನ ಮನೆಗಳು ಅಲ್ಲಿ ಲಂಡನ್ನಿಗಿಂತ ಬಹಳ ಕಡಮೆ, ಹಳ್ಳಿಗಳಲ್ಲಿ ಇನ್ನೂ ಕಡಮೆ. ಕೂಡುಕುಟುಂಬದಲ್ಲಿ ಭಾರ ಹಂಚಿಹೋಗುವುದೂ ಇದಕ್ಕೆ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ. ಈಗ ಎರಡು ಕೋಣೆಯ ಮನೆಯಲ್ಲಿ ಎಪ್ಪತ್ತು ವರ್ಷದ ತಾಯಿ, ನಲವತ್ತೈದರ ಮಗ, ಇಬ್ಬರೇ ಇರುವುದನ್ನು ನಮ್ಮ ಪಟ್ಟಣಗಳಲ್ಲಿಯೇ ಕಾಣುತ್ತೇವೆ. ಅಲ್ಲಿ ವಾರಕ್ಕೆ 35 ಗಂಟೆಯ ಮಾತೆಲ್ಲಿ ಬಂತು?

ಹಾಗಾದರೆ ದನಿಯನ್ನು ತಗ್ಗಿಸುವುದು ಹೇಗೆ? ಕಾಯಿಲೆ ಎಂದರೇನೆಂದು ಮನೆಯವರಿಗೆ ತಿಳಿಸಿಕೊಡುವುದು, ಅಂಥ ಮನೆಯವರನ್ನು ಒಂದೆಡೆ ಕೂಡಿಸಿ ಮಾತನಾಡಲು ಬಿಡುವುದು, ಇವುಗಳಿಂದ ಮರುಕಳಿಕೆ ಗಣನೀಯವಾಗಿ ಇಳಿಯುವುದೆಂದು ಲೆಫ್ ಮತ್ತು ಸಂಗಡಿಗರು 1982ರಲ್ಲಿಯೇ ತೋರಿಸಿದ್ದರು. ಆದರೂ ಒಂದು ತೊಡಕು ಉಳಿಯಿತು. “ಇದು ಕಾಯಿಲೆ, ಸಿಟ್ಟು ಮಾಡಬಾರದು” ಎಂದು ಬಲ್ಲವರೂ ಹತ್ತನೆಯ ಕರೆಯ ಹೊತ್ತಿಗೆ ಗದರಿಬಿಡುತ್ತಾರೆ. ನಿದ್ದೆಗೆಟ್ಟ ಮೈಗೆ ತಿಳಿವಳಿಕೆ ಸಾಲದು.

ಇಲ್ಲಿಗೆ ಒದಗಿಬಂದುದು ಬಹಳ ಹಳೆಯ ವಿದ್ಯೆ. ಬೌದ್ಧರ ಪಾಲಿ ಭಾಷೆಯಲ್ಲಿ ಅದನ್ನು ‘ಸತಿ’ ಎನ್ನುತ್ತಾರೆ. ಪತ್ನಿ ಎಂದುಕೊಳ್ಳಬೇಡಿ, ಸಂಸ್ಕೃತದ ‘ಸ್ಮೃತಿ’ಯೇ ಅಲ್ಲಿ ಹಾಗಾಗಿದೆ. ಸಿಂಹಳದಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದು ಪಾಲಿ ಕಲಿತ ರೈಸ್ ಡೇವಿಡ್ಸ್ 1881ರ ತಮ್ಮ ಅನುವಾದದಲ್ಲಿ ಅದಕ್ಕೆ ‘ಮೈಂಡ್‌ಫುಲ್‌ನೆಸ್’ ಎಂಬ ಇಂಗ್ಲಿಷ್ ಮಾತನ್ನು ಬಳಸಿದರು. ಸುಮಾರು ನೂರು ವರ್ಷದ ಮೇಲೆ, 1979ರಲ್ಲಿ, ಅಮೆರಿಕದ ವೂಸ್ಟರ್ ಪಟ್ಟಣದ ವೈದ್ಯ ಕಾಲೇಜಿನಲ್ಲಿ ಜಾನ್ ಕಬಟ್-ಜಿನ್ ಎಂಬವರು ಅದರಿಂದ ಮತಾಚಾರವನ್ನು ಬಿಡಿಸಿ, ವಾಸಿಯಾಗದ ನೋವಿನಿಂದ ನರಳುವವರಿಗೆ ಕೆಲವು ವಾರಗಳ ಶಿಕ್ಷಣವಾಗಿ ಕೊಟ್ಟರು. ಅದೇ ಶಿಕ್ಷಣ ಮುಂದೆ ರೋಗಿಗಳನ್ನು ನೋಡಿಕೊಳ್ಳುವ ಮನೆಯವರ ಬಳಿಗೂ ಬಂದಿತು. ಹಾಂಗ್‌ಕಾಂಗ್‌ನಲ್ಲಿ ಈಚಿನ ವರ್ಷಗಳಲ್ಲಿ, ಇಂಥ ಕಾಯಿಲೆ ಆಗತಾನೆ ಕಾಣಿಸಿಕೊಂಡ ತರುಣರ ಮನೆಯವರಿಗೆ, ಕಾಯಿಲೆಯ ತಿಳಿವಳಿಕೆಯ ಜೊತೆಗೇ ಇದನ್ನು ಸೇರಿಸಿ ಕಲಿಸಿ ಪರೀಕ್ಷಿಸಿದ್ದಾರೆ.

ಕಲಿಸುವುದು ಏನು ಮಹಾ ಎನ್ನುವಿರಾ? ಉಸಿರು ಬಂದು ಹೋಗುವುದನ್ನು ಗಮನಿಸುತ್ತಾ ಕೂಡುವುದು. ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಿಂದ ಸವರಿ ನೋಡುವುದು. “ಮೈಮೇಲೆ ಎಚ್ಚರವಿರಲಿ” ಎಂದು ನಮ್ಮ ಹಿರಿಯರು ಗದರುತ್ತಿದ್ದರಲ್ಲ, ಆ ಮಾತಿನ ನಿಜವಾದ ಅರ್ಥ ಇಲ್ಲಿ ತಿಳಿಯುತ್ತದೆ. ಸಿಟ್ಟು ನಾಲಗೆಗೆ ಬರುವ ಮುಂಚೆ ದವಡೆಗೆ ಬಂದಿರುತ್ತದೆ, ಹೆಗಲಿಗೆ ಬಂದಿರುತ್ತದೆ. “ಇವನು ಬೇಕೆಂದೇ ಹೀಗೆ ಮಾಡುತ್ತಾನೆ” ಎಂಬ ಯೋಚನೆ ಏಳುತ್ತದೆ. ಅದು ಯೋಚನೆ, ಸತ್ಯವಾಗಿರಲೇಬೇಕಾಗಿಲ್ಲ ಎಂದು ಒಂದು ಉಸಿರಿನ ಹೊತ್ತು ಕಾಣಲು ಸಾಧ್ಯವಾದರೆ, ಬಾಯಿಂದ ಹೊರಡುವ ದನಿ ಬೇರೆಯಾಗುವುದುಂಟು.

ಇದನ್ನು ಸರ್ವರೋಗನಿವಾರಕವೆಂದು ಮಾರುವವರ ಮಾತಿಗೆ ಕಿವಿಗೊಡಬೇಡಿ. ಆರೈಕೆ ಮಾಡುವವರ ದುಗುಡ, ಆಯಾಸಗಳು ಇದರಿಂದ ತಗ್ಗುವುದುಂಟೆಂದು ಹಲವು ಪರೀಕ್ಷೆಗಳು ಹೇಳುತ್ತವೆ. ಅವುಗಳಲ್ಲಿ ಬಹುಪಾಲು ಸಣ್ಣವು. ರೋಗಿಯ ಮಾತ್ರೆಗೆ ಇದು ಬದಲಾಗದು. ಕಾಯಿಲೆ ಕೆರಳಿರುವವರನ್ನು ವೈದ್ಯರ ಸಲಹೆಯಿಲ್ಲದೆ ದೀರ್ಘ ಧ್ಯಾನಕ್ಕೆ ಕೂಡಿಸುವುದು ಅಪಾಯವೇ ಸರಿ. ಇಲ್ಲಿ ಹೇಳಿದ್ದು ಪಕ್ಕದಲ್ಲಿರುವವರಿಗಾಗಿ. ಅವರಿಗೂ ಬರಿಯ ಉಸಿರು ಸಾಲದು: ಒಂದು ಮಧ್ಯಾಹ್ನ ಹೊರಗೆ ಹೋಗಿಬರಲು ಬಿಡುವು ಬೇಕು, ಕೈ ನೀಡುವ ನೆಂಟರು ಬೇಕು. ದಣಿದವಳಿಗೆ ಕಣ್ಣು ಮುಚ್ಚಿ ಕೂಡಲು ಹೇಳಿ ನಾವು ಎದ್ದುಹೋಗುವುದು ನ್ಯಾಯವಲ್ಲ.

ಈ ವಿದ್ಯೆಯ ಹೆಸರನ್ನು ನನ್ನ ತಾಯಿ ಕೇಳಿದವಳಲ್ಲ. ಆದರೆ ಕೆಲವು ದಿನ ಮಾವನನ್ನು ಏಳನೆಯದೋ ಎಂಟನೆಯದೋ ಸಲ ಕರೆದ ಮೇಲೆ, ಅವಳು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕುಳಿತುಬಿಡುತ್ತಿದ್ದಳು. ಮುನಿಸಿಕೊಂಡಳೆಂದು ನಾವು ಹುಡುಗರು ಹೆದರುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಮೊದಲನೆಯ ಸಲದ ದನಿಯಲ್ಲಿಯೇ ಮತ್ತೆ ಕರೆಯುತ್ತಿದ್ದಳು. ಅವಳು ಆ ಕಲ್ಲಿನ ಮೇಲೆ ಕುಳಿತಿರುವಷ್ಟು ಹೊತ್ತು ಯಾರೂ ಹಿತ್ತಿಲ ಕಡೆ ಸುಳಿಯಬಾರದೆಂದು ನಮ್ಮ ಅಜ್ಜಿ ಕಟ್ಟಪ್ಪಣೆ ಮಾಡಿದ್ದರು.