ಸಾಗಣೆ ಬಕೆಟ್

ಬಣ್ಣ, ಗ್ರೀಸ್, ಎಂಜಿನ್ ಆಯಿಲ್, ಅಂಟು, ಉಪ್ಪಿನಕಾಯಿಯಂಥ ದ್ರವ ಹಾಗೂ ಮಂದ ಸರಕುಗಳನ್ನು ತುಂಬಿ, ಬಿಗಿಯಾಗಿ ಮುಚ್ಚಿ ಸಾಗಿಸುವ ಹಿಡಿಯುಳ್ಳ ಧಾರಕ. ಗಾತ್ರದಲ್ಲಿ ಡಬ್ಬಕ್ಕೂ ಪೀಪಾಯಿಗೂ ನಡುವಿನದು. 200 ಲೀಟರಿನ ತುಂಬಿದ ಪೀಪಾಯಿಯನ್ನು ಲಾರಿಯಿಂದ ಇಳಿಸಲು ಯಂತ್ರವೋ ನಾಲ್ಕಾರು ಆಳೋ ಬೇಕು. ಬಕೆಟ್ಟನ್ನು ಒಬ್ಬನೇ ಎತ್ತಿಕೊಂಡು ಮಹಡಿ ಹತ್ತಬಹುದು. ಇದರ ಜನಪ್ರಿಯತೆಗೆ ಮುಖ್ಯ ಕಾರಣ ಇದೇ. ಭಾರತದಲ್ಲಿ 10 ಮತ್ತು 20 ಲೀಟರಿನವು ಸಾಮಾನ್ಯ. ಅಮೆರಿಕದಲ್ಲಿ 5 ಗ್ಯಾಲನ್, ಎಂದರೆ ಸುಮಾರು 18.9 ಲೀಟರ್. ಅಳತೆ ಒಂದೇ ಆದರೂ ತೂಕ ಬೇರೆ: 20 ಲೀಟರ್ ಎಂಜಿನ್ ಆಯಿಲ್ 18 ಕಿಲೋ ಆಸುಪಾಸು ತೂಗಿದರೆ, ಅಷ್ಟೇ ಬಿಳಿ ಎಮಲ್ಷನ್ ಬಣ್ಣ 26 ಕಿಲೋ ದಾಟಬಹುದು.

ಬಾಯಿ ಅಗಲ, ತಳ ಕಿರಿದು. ಹೀಗಾಗಿ ಖಾಲಿ ಬಕೆಟ್ಟುಗಳು ಒಂದರೊಳಗೊಂದು ಕೂರುತ್ತವೆ, ಅವನ್ನು ಕಾರ್ಖಾನೆಗೆ ತರುವ ಲಾರಿ ಬರಿಯ ಗಾಳಿಯನ್ನು ಹೊತ್ತು ಓಡಬೇಕಿಲ್ಲ. ತುಂಬಿದವನ್ನು ಪೇರಿಸಿದಾಗ ಮೇಲಿನದರ ತಳ ಕೆಳಗಿನ ಮುಚ್ಚಳದ ಏಣಿನೊಳಗೆ ಕೂತು ಜಾರದೆ ನಿಲ್ಲುತ್ತದೆ. ಸೋರದಂತೆ ಮುಚ್ಚಳಕ್ಕೆ ಗ್ಯಾಸ್ಕೆಟ್, ಅಂಚಿಗೆ ಹರಿದು ತೆಗೆಯುವ ಪಟ್ಟಿ ಇರುತ್ತವೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನು. ಹರಿದಿದ್ದರೆ ಒಳಗಿನ ಮಾಲನ್ನು ನಂಬುವಂತಿಲ್ಲ.

ಹಿಂದೆ ತಗಡಿನದೇ ಹೆಚ್ಚಾಗಿದ್ದ ಬಕೆಟ್ಟನ್ನು ಈಗ ಹೆಚ್ಚಾಗಿ ಪ್ಲಾಸ್ಟಿಕ್ ಬಗೆಗಳಾದ ಎಚ್‌ಡಿಪಿಇ ಅಥವಾ ಪಾಲಿಪ್ರೊಪಿಲೀನ್‌ನಿಂದ ಅಚ್ಚು ಹಾಕುತ್ತಾರೆ. ಪಾಲಿಪ್ರೊಪಿಲೀನ್ ಹೆಚ್ಚು ಕಾವು ತಾಳುತ್ತದೆ, ಆದರೆ ಚಳಿಯಲ್ಲಿ ಬೇಗ ಸೀಳುತ್ತದೆ. ಈ ದೋಷ ತಗ್ಗಿಸಲು ಅದರ ಕೋಪಾಲಿಮರ್ ರೂಪ ಬಳಸುವುದುಂಟು. ಥಿನ್ನರ್‌ನಂಥ ದ್ರಾವಕಗಳು ಪ್ಲಾಸ್ಟಿಕ್ಕನ್ನು ಉಬ್ಬಿಸಿ ಮೆತ್ತಗಾಗಿಸುವುದರಿಂದ ಉಕ್ಕಿನ ಬಕೆಟ್ ಇನ್ನೂ ಉಳಿದಿದೆ.

ಅಪಾಯಕಾರಿ ಸರಕು ತುಂಬುವ ಮಾದರಿಗಳನ್ನು ಎತ್ತರದಿಂದ ಬೀಳಿಸಿ, ಮೇಲೆ ಭಾರ ಹೇರಿ ಪರೀಕ್ಷಿಸಬೇಕು. ಗೆದ್ದವಕ್ಕೆ ವಿಶ್ವಸಂಸ್ಥೆಯ ಪದ್ಧತಿಯ ಗುರುತು ಬೀಳುತ್ತದೆ. ಬಾಯಿ ತೆರೆಯುವ ಪ್ಲಾಸ್ಟಿಕ್ ಬಕೆಟ್ಟಿಗೆ ಸಾಮಾನ್ಯವಾಗಿ 1ಎಚ್2, ಉಕ್ಕಿನದಕ್ಕೆ 1ಎ2. ಜೊತೆಗಿನ ಎಕ್ಸ್, ವೈ, ಝಡ್ ಅಕ್ಷರಗಳಲ್ಲಿ ಎಕ್ಸ್ ಅತಿ ಹೆಚ್ಚು ಅಪಾಯದ ಸರಕಿಗೂ ಸಲ್ಲುವಂಥದ್ದು.

ನಮ್ಮಲ್ಲಿ ಬಣ್ಣ ಮುಗಿದರೂ ಬಕೆಟ್ಟಿನ ಕೆಲಸ ಮುಗಿಯುವುದಿಲ್ಲ. ಗಾರೆಯವರ ಕೈಯಲ್ಲಿ, ಬಚ್ಚಲಲ್ಲಿ, ತಾರಸಿಯ ಗಿಡಗಳ ಬುಡದಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ. ಆದರೆ ಬಣ್ಣ, ರಾಸಾಯನಿಕ ತುಂಬಿದ್ದುದರಲ್ಲಿ ಕುಡಿಯುವ ನೀರನ್ನಾಗಲಿ ದವಸವನ್ನಾಗಲಿ ಇಡಬಾರದು. ಇನ್ನೊಂದು ಅಪಾಯವೂ ಇದೆ: ನೀರು ತುಂಬಿದ ದೊಡ್ಡ ಬಕೆಟ್ ಸುಲಭವಾಗಿ ಮಗುಚುವುದಿಲ್ಲ. ಹಾಗಾಗಿ ಅದರೊಳಗೆ ತಲೆಕೆಳಗಾಗಿ ಬಿದ್ದ ಪುಟ್ಟ ಮಗು ತಾನಾಗಿ ಮೇಲೇಳಲಾರದು. ಅಮೆರಿಕದ 5 ಗ್ಯಾಲನ್ ಬಕೆಟ್ಟುಗಳ ಮೇಲೆ ಈ ಬಗ್ಗೆ ಎಚ್ಚರಿಕೆಯ ಚಿತ್ರವಿರುತ್ತದೆ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕಿಡಿ.