ಅಟ್ಟದ ಹಲಗೆಗೆ ಬೂಷ್ಟು ಹಿಡಿದರೆ

ಮಂಡ್ಯ ಜಿಲ್ಲೆಯ ಸಿಂಧಘಟ್ಟದಂಥ ಊರುಗಳಲ್ಲಿ, ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಸುತ್ತಿನ ಹಳೆಯ ಹೆಂಚಿನ ಮನೆಗಳಲ್ಲಿ, ಕಾಲಡಿಯ ನೆಲ ಮಣ್ಣಿನದೋ ಗಾರೆಯದೋ ಕಲ್ಲುಚಪ್ಪಡಿಯದೋ ಆಗಿರುತ್ತದೆ. ಮರದ ನೆಲ ಇರುವುದು ತಲೆಯ ಮೇಲೆ. ತೊಲೆ, ಜಂತೆಗಳ ಮೇಲೆ ಹಲಗೆ ಹಾಸಿದ ಅಟ್ಟವೇ ಅದು. ರಾಗಿ, ಹುರುಳಿ, ಬೆಲ್ಲ ಎಲ್ಲವೂ ಅಲ್ಲಿಗೇ ಏರುತ್ತಿದ್ದವು. ಆ ಹಲಗೆ ಕಪ್ಪಾದಾಗ ಏನು ಮಾಡಬೇಕೆಂಬುದು ಇಲ್ಲಿನ ವಿಷಯ.

ನೀರು ಬಂದ ದಾರಿ

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಮರದ ತೇವಾಂಶ ಸುಮಾರು ಶೇ. 20 ದಾಟಿದರೆ ಬೇರೂರುತ್ತವೆ. ಮಲೆನಾಡಿನ ಜಡಿಮಳೆ ಮಂಡ್ಯದ ಕಡೆ ಇಲ್ಲ. ಹೆಚ್ಚಿನ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಇಲ್ಲಿ ಅಟ್ಟಕ್ಕೆ ಬೂಷ್ಟು ಬಂದಿದ್ದರೆ ಗಾಳಿಯನ್ನು ದೂರುವ ಮೊದಲು ಮೇಲಕ್ಕೆ ನೋಡಬೇಕು. ಕೋತಿ ಹಾರಿ ಸರಿದ ಹೆಂಚು, ಗೋಡೆಯಲ್ಲಿ ಇಳಿದ ಸೋರಿಕೆ, ಹಸಿ ಆರದ ಕಾಳಿನ ಮೂಟೆ, ಹಲಗೆಯ ಮೇಲೆ ಹಾಸಿಬಿಟ್ಟ ಪ್ಲಾಸ್ಟಿಕ್: ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ಸರಿಪಡಿಸದೆ ಕಲೆ ಉಜ್ಜಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಲೆ.

ಕಪ್ಪೆಲ್ಲ ಬೂಷ್ಟಲ್ಲ

ಕಲೆಯ ಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರನ್ನು ಒಂದು ಹನಿ ಬಿಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಬೂಷ್ಟು. ಹಾಗೆಯೇ ಉಳಿದರೆ ಕೊಳೆಯೋ ಹೊಗೆಮಸಿಯೋ ಇರಬೇಕು. ಮೊಳೆಯ ಸುತ್ತ ಮಾತ್ರ ನೀಲಿಗಪ್ಪು ಹರಡಿದ್ದರೆ ಅದರ ಕಥೆಯೇ ಬೇರೆ. ಹಿಂದೆ ಅಣಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರು. ಮರದೊಳಗಿನ ಒಗರು, ಮೊಳೆಯ ಕಬ್ಬಿಣ, ಮಳೆನೀರು ಮೂರೂ ಕೂಡಿದಾಗ ಅದೇ ಮಸಿ ಹಲಗೆಯಲ್ಲೇ ತಯಾರಾಗುತ್ತದೆ.

ಇನ್ನೊಂದು ಪರೀಕ್ಷೆ ಮುಖ್ಯ. ಉಳಿಯ ತುದಿಯಿಂದ ಒತ್ತಿ ನೋಡಿ. ಮರ ಗಟ್ಟಿಯಾಗಿದ್ದರೆ ತೊಂದರೆ ಮೇಲ್ಮೈಯದು. ಉಳಿ ಮೆತ್ತಗೆ ಒಳಗಿಳಿದರೆ ಹಲಗೆ ಲಡ್ಡಾಗಿದೆ, ಅದರ ಮೇಲೆ ಕಾಲಿಡುವುದೂ ಅಪಾಯ.

ತೊಳೆಯುವ ಕ್ರಮ

ಒಣ ಪೊರಕೆಯಲ್ಲಿ ಗುಡಿಸಬೇಡಿ. ಬೀಜಕಣ ಮನೆಯೆಲ್ಲ ಹರಡುತ್ತದೆ. ಮೂಗಿಗೆ ಮಾಸ್ಕ್, ಕೈಗೆ ರಬ್ಬರ್ ಗವಸು ಹಾಕಿ, ಸೋಪುನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮರದ ಎಳೆಯ ನೇರಕ್ಕೆ ಒರೆಸಿ. ನಂತರ ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಬಿಳಿಗಾರ ಕರಗಿಸಿ ಬಳಿದು, ಹಾಗೆಯೇ ಆರಲು ಬಿಡಿ. ಬಿಳಿಗಾರ ಬೂಷ್ಟಿನ ಮರುಹುಟ್ಟನ್ನು ತಡೆಯುತ್ತದೆ. ಬ್ಲೀಚಿಂಗ್ ನೀರನ್ನೇ ಸುರಿಯುವುದು ಹಲವರ ರೂಢಿ. ಅದು ಮೇಲಿನ ಬಣ್ಣ ತೆಗೆಯುತ್ತದೆ, ಒಳಗಿನ ಬೂಷ್ಟಿನ ಎಳೆಗಳನ್ನು ಮುಟ್ಟುವುದಿಲ್ಲ, ಜೊತೆಗೆ ಮರಕ್ಕೆ ಇನ್ನಷ್ಟು ನೀರು ಕುಡಿಸುತ್ತದೆ.

ಆರಿದ ಮೇಲೂ ಕಲೆ ಉಳಿದರೆ ಉಪ್ಪುಕಾಗದದಿಂದ ಹದವಾಗಿ ಉಜ್ಜಬಹುದು. ಕಬ್ಬಿಣದ ಮಸಿಗೆ ಬೇಕಾದದ್ದು ಆಕ್ಸಾಲಿಕ್ ಆಮ್ಲ: ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ. ಕಲೆ ತಿಳಿಯಾದೊಡನೆ ಅಡುಗೆ ಸೋಡಾದ ನೀರಿನಿಂದ, ಆಮೇಲೆ ಬರಿ ನೀರಿನಿಂದ ಒರೆಸಬೇಕು. ಈ ಆಮ್ಲ ವಿಷ, ಮಕ್ಕಳ ಕೈಗೆ ಸಿಗದಂತಿಡಿ. ಬ್ಲೀಚಿಂಗ್ ಪುಡಿಯ ಜೊತೆ ಯಾವ ಆಮ್ಲವನ್ನೂ ಸೇರಿಸಲೇಬೇಡಿ. ಆಗ ಹೊರಡುವ ಕ್ಲೋರಿನ್ ಅನಿಲ, ಗಾಳಿಯಾಡದ ಅಟ್ಟದಲ್ಲಿ ಪ್ರಾಣಕ್ಕೇ ಕುತ್ತು.

ಚಿತ್ರ ಬರೆದ ಮರ

ಈ ಯಾವ ಉಪಾಯವೂ ಬಣ್ಣದ ಕೆಲಸವಿರುವ ಹಳೆಯ ಮರಕ್ಕೆ ಸಲ್ಲದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಬಹುಪಾಲು ತೇಗದ ಅರಮನೆ, ಒಳಗೆಲ್ಲ ವರ್ಣಚಿತ್ರ. ಅಂಥದ್ದನ್ನು ಸಂರಕ್ಷಣಾ ತಜ್ಞರೇ ಮುಟ್ಟಬೇಕು. ಮನೆಯ ಹಳೆಯ ಬಾಗಿಲುವಾಡದಲ್ಲಿ ಬಣ್ಣದ ಚಿತ್ತಾರವಿದ್ದರೆ ಅದಕ್ಕೂ ಇದೇ ಮಾತು.

ಕೆಲಸಕ್ಕೆ ಹೊತ್ತು

ಶಿವರಾತ್ರಿ ಕಳೆದ ಮೇಲಿನ ಒಣ ದಿನಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಹಲಗೆ ಪೂರ್ತಿ ಆರುವವರೆಗೆ ಎಣ್ಣೆ, ಪಾಲಿಶ್ ಬಳಿಯಬೇಡಿ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಉಳಿ ಇಳಿದ ಹಲಗೆಯನ್ನಷ್ಟೇ ಆಚಾರಿಯಿಂದ ಬದಲಿಸಿ. ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಗಟ್ಟಿ ತೇಗದ ಅಟ್ಟವನ್ನು ಕಿತ್ತು ಸೌದೆಗೆ ಹಾಕಬೇಡಿ.